ಮೊದಲ್ನೇ ಆಯೇರಿ ಯಾರದು

ನನ್ನ ಲಗ್ನಕ್ಕ ಸ್ಪಾನ್ಸರ್ ಹುಡುಕಬೇಕನ್ನೋ ಹುಚ್ಚು ನನಗ ಹತ್ತಿದ್ದು ಒಂದು ಕ್ರಿಕೆಟ್ ಟೂರ್ನಮೆಂಟಿನ ಫ್ಲೆಕ್ಸ್ ಮಾಡಾಕತ್ತಾಗ. ಶಹಾಪುರದ ಬಸ್ ಸ್ಟ್ಯಾಂಡ್ ಹಿಂದಿನ ಓಣ್ಯಾಗ ಒಂದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ ಅದ. ಅಲ್ಲಿ ಕಂಪ್ಯೂಟರ್ ಮುಂದ ಕೂತು ಡಿಸೈನ್ ಮಾಡಾಕಿ ನಾನು. ಹುಟ್ಟಿದಹಬ್ಬ, ಗೃಹಪ್ರವೇಶ, ಗಣಪತಿ, ಎಲೆಕ್ಷನ್, ಏನೇ ಇರಲಿ, ಊರಮಂದಿ ಮಾರಿ ಎಲ್ಲಾ ನನ್ನ ಕೈಯಾಗ ಬೆಳ್ಳಗಾಗಿಯೇ ಹೊರಗ ಹೋಗೋದು. ಆವತ್ತ ಫ್ಲೆಕ್ಸಿನ ಕೆಳಗ ‘ಶುಭ ಕೋರುವವರು’ ಅಂತ ಬರ್ದು ಅಂಗಡಿ ಹೆಸರು ಸಾಲಾಗಿ ಹಾಕಾಕತ್ತಿದ್ದೆ. ಟ್ರೋಫಿ ಗೊಬ್ಬರದ ಅಂಗಡಿಯವ್ರದು, ಟೀ ಶರ್ಟ್ ಮೊಬೈಲ್ ಅಂಗಡಿಯವ್ರದು, ಊಟ ಖಾನಾವಳಿಯವ್ರದು, ಕುಡಿಯೋ ನೀರು ಸುದ್ದಾ ಒಬ್ರದು. ಮೌಸ್ ಮ್ಯಾಲಿನ ಕೈ ನಿಂತೇ ಬಿಡ್ತು. ಅಲ್ಲಾ, ಗಂಡಸರು ಬಿಸಿಲಾಗ ಚೆಂಡು ಹೊಡೀತಾರಂದ್ರ ಊರಿನ ಅಂಗಡಿಯವ್ರೆಲ್ಲಾ ಕೈ ಬಿಚ್ತಾರ, ಒಂದು ಹುಡುಗಿ ಲಗ್ನ ಆಗ್ತಾಳಂದ್ರ ಯಾಕ ಬಿಚ್ಚಬಾರದು?

ನಮ್ಮ ಮಾಲಕಗ ಹೇಳಿದೆ. ಅಂವ ನಕ್ಕು, ಚಾ ನೆತ್ತಿಗೇರಿ ಕೆಮ್ಮಿದ. ಕೆಮ್ಮು ನಿಂತ ಮ್ಯಾಲ, ನಿನ್ನ ಲಗ್ನದ ಫ್ಲೆಕ್ಸ್ ನಾ ಪುಕ್ಕಟೆ ಹಾಕಿ ಕೊಡ್ತೀನಿ, ಆದ್ರ ನನ್ನ ಅಂಗಡಿ ಹೆಸರು ದಪ್ಪ ಅಕ್ಷರದಾಗ ಬರಬೇಕು ನೋಡವಾ ಅಂದ. ಹಿಂಗ ಕುಂತ ಜಾಗದಾಗೇ ನನಗ ಒಬ್ಬ ಸ್ಪಾನ್ಸರ್ ಸಿಕ್ಕ. ಆ ಖುಷ್ಯಾಗ ಟೂರ್ನಮೆಂಟಿನ ಕ್ಯಾಪ್ಟನ್ ಮಾರಿ ಎರಡೆರಡು ಸಲ ಬೆಳ್ಳಗ ಮಾಡಿ ಕಳಸಿದೆ. ಪಾಪ, ಅವರವ್ವಗೇ ಗುರುತು ಹತ್ತಿರಲಿಕ್ಕಿಲ್ಲ.

ನಾ ಲಗ್ನ ಆಗೋ ಹುಡುಗ ಸೈದಾಪುರದಾಂವ. ಕಡೇಚೂರಿನ ಫ್ಯಾಕ್ಟರ್ಯಾಗ ಶಿಫ್ಟ್ ಕೆಲಸ. ನಾವಿಬ್ರೂ ಒಪ್ಪಿದ್ವಿ, ಅವರ ಮನಿಯವ್ರೂ ಒಪ್ಪಿದ್ರು, ಲಗ್ನ ನಿಮ್ಮ ಊರಾಗೇ ಇಟ್ಕೋರಿ ಅಂದಿದ್ರು. ಅಂವ ಅಂತೂ ಗುಡ್ಯಾಗ ಎರಡು ಮಾಲಿ ಹಾಕ್ಕೊಂಡು ಬಂದ್ರ ಮುಗೀತು ಅನ್ನಾಂವ. ನನಗೂ ಅಷ್ಟು ಸಾಕಾಗಿತ್ತು. ಸಾಕಾಗದೇ ಇದ್ದಿದ್ದು ನಮ್ಮವ್ವಗ.

ಅವ್ವ ಮನ್ಯಾಗ ಜ್ವಾಳದ ರೊಟ್ಟಿ ಬಡದು ಮಾರ್ತಾಳ. ಅಪ್ಪ ನಾ ಸಣ್ಣಾಕಿದ್ದಾಗೇ ಹೋದ. ರೊಟ್ಟಿ ಬಡದೇ ನನ್ನ ಸಾಲಿ ಕಲಿಸ್ಯಾಳ. ಓಣ್ಯಾಗ ಯಾರದೇ ಲಗ್ನ ಇರಲಿ, ಹೋಗಿ ಆಯೇರಿ ಮಾಡಿ ಬರ್ತಾಳ. ಆಯೇರಿ ಅಂದ್ರ ಲಗ್ನದಾಗ ಸೀರಿ, ಬಟ್ಟಿ, ಭಾಂಡಿ ಕೊಡೋದು. ನಮ್ಮ ಕಡಿ ಅದನ್ನ ಸುಮ್ಮನ ಕೈಯಾಗಿಟ್ಟು ಹೋಗಂಗಿಲ್ಲ. ಮೈಕಿನ್ಯಾಗ ಕೂಗ್ತಾರ, ಯಾವೂರವ್ರು, ಏನಾಗಬೇಕು, ಏನು ತಂದಾರ ಅಂತ. ಅದರಾಗ ಮೊದಲ್ನೇ ಹೆಸರು ಹುಡುಗಿ ತಾಯಿಯ ತವರುಮನಿದು. ಅದು ಆದ ಮ್ಯಾಲೇ ಉಳಿದವ್ರದು. ತನ್ನ ಮನಿ ಮುಂದ ಪೆಂಡಾಲ್ ಹಾಕಿಸಬೇಕು, ಮೈಕಿನ್ಯಾಗ ತನ್ನ ತವರಿನ ಹೆಸರು ಮೊದಲು ಕೇಳಬೇಕು ಅಂತ ಅವ್ವ ನಾ ಹುಟ್ಟಿದಾಗಿಂದ ಕಾಯಾಕತ್ತಾಳ.

ತವರಂತ ಆಕಿಗೆ ಉಳಿದಿದ್ದು ಒಬ್ಬನೇ ಅಣ್ಣ, ನಮ್ಮ ಮಾಮಾ. ಊರು ದೇವಾಪುರ, ಸುರಪುರದಾಗ ಶಾಮಿಯಾನ ಅಂಗಡಿ. ಪೆಂಡಾಲು, ಖುರ್ಚಿ, ಅಡಗಿ ಭಾಂಡಿ ಬಾಡಗಿಗೆ ಕೊಡ್ತಾನ. ಅಪ್ಪ ಹೋದ ಮ್ಯಾಲ ನಮಗ ಆಸರಾದಾಂವ ಅಂವನೇ. ಮುಂದ ತನ್ನ ಮಗಗ ನನ್ನ ತಂದ್ಕೋಬೇಕಂದ. ನಾ ಒಲ್ಲೆ ಅಂದೆ. ಆ ಹುಡುಗ, ನಾನು ಕೂಡಿ ಆಡಿ ಕೂಡಿ ಬಡದಾಡಿ ಬೆಳ್ದವ್ರು. ಖರೇ ಹೇಳಬೇಕಂದ್ರ ಅಂವಗೂ ನಾ ಬ್ಯಾಡಾಗಿದ್ದೆ, ಬಾಯಿ ಬಿಟ್ಟು ಹೇಳಿದಾಕಿ ಮಾತ್ರ ನಾನು. ಮಾಮಾ ನಮ್ಮ ಬಾಗಲಾಗ ನಿಂತು, ಇನ್ನ ಈ ಹೊಸ್ತಿಲ ತುಳ್ದ್ರ ಕೇಳ್ರಿ ಅಂದು ಹೋದಾಂವ ತಿರುಗಿ ಬರಲಿಲ್ಲ. ಲಗ್ನದ ಸುದ್ದಿ ಹೇಳಾಕ ಅವ್ವ ಫೋನ್ ಮಾಡಿದ್ರ ಎತ್ತಲಿಲ್ಲ.

ಹಿಂಗಾಗಿ ನನಗ ಖರ್ಚಿನ ಚಿಂತಿಗಿಂತ ಮೈಕಿನ ಚಿಂತಿ ದೊಡ್ಡದಾಗಿತ್ತು. ಆಯೇರಿ ಶುರುವಾದಾಗ ತವರಿನ ಹೆಸರು ಬರಲಿಲ್ಲಂದ್ರ ಓಣಿ ಹೆಂಗಸ್ರೆಲ್ಲಾ ಅವ್ವನ ಮಾರಿ ನೋಡ್ತಾರ. ಅದನ್ನ ಆಕಿ ತಡ್ಕೊಳ್ಳಂಗಿಲ್ಲ. ಅದಕ್ಕ ನಾ ಒಂದು ಉಪಾಯ ಮಾಡಿದೆ. ಊರೂರಿನ ಅಂಗಡಿ ಹೆಸರು ಒಂದರ ಹಿಂದ ಒಂದು ಪಟಪಟ ಕೂಗಿಸಬೇಕು. ಯಾರ ಹೆಸರು ಬಂತು, ಯಾರದು ಬರಲಿಲ್ಲ ಅನ್ನೋದೇ ಮಂದಿಗೆ ತಿಳೀಬಾರದು. ಲಗ್ನದ ಖರ್ಚೂ ನೀಗ್ತದ, ತವರಿನ ಖಾಲಿ ಜಾಗಾನೂ ಮುಚ್ಚಿ ಹೋಗ್ತದ. ಎಂಥಾ ತಲಿ ನಂದು ಅಂತ ನನಗ ನಾನೇ ಶಾಬಾಸ್ ಹೇಳ್ಕೊಂಡೆ.

ಮರುದಿನದಿಂದ ಶುರು ಆತು ನೋಡ್ರಿ ನನ್ನ ಸವಾರಿ. ಫ್ಲೆಕ್ಸಿನ ಕಲರ್ ಪ್ರಿಂಟ್ ಒಂದು ತಗದು, ಸುರುಳಿ ಸುತ್ತಿ ಬಗಲಾಗ ಇಟ್ಕೊಂಡೆ. ಅದರಾಗ ನಂದು, ನಮ್ಮ ಹುಡುಗಂದು ಫೋಟೋ, ಕೆಳಗ ಶುಭ ಕೋರುವವರಿಗೆ ಖಾಲಿ ಚೌಕ. ಶಹಾಪುರದ ಅಂಗಡಿಯವ್ರೆಲ್ಲಾ ಗೊತ್ತಿದ್ದವ್ರೇ, ಅವರ ಬೋರ್ಡ್ ಮಾಡಿಕೊಟ್ಟಾಕಿ ನಾನೇ. ಆದ್ರೂ ಮೊದಲ್ನೇ ಅಂಗಡಿ ಮೆಟ್ಟಲಾ ಎರಡು ಸಲ ಹತ್ತಿ ಇಳದು, ಮೂರನೇ ಸಲಕ್ಕ ಒಳಗ ಹೋದೆ. ಅದು ಮಿಠಾಯಿ ಅಂಗಡಿ. ಮಾಲಕ ಪೂರಾ ಕೇಳಿ, ಹುಡುಗಿ ಕಡಿಯಾಕಿ ಏನವಾ ನೀ, ಹುಡುಗನ ಕಡಿಯಾಕಿ ಏನು ಅಂದ. ಹುಡುಗೀನೇ ನಾನ್ರಿ ಅಂದೆ. ಅಂವ ತಕ್ಕಡಿ ಬಿಟ್ಟು ಎದ್ದು ನಿಂತ. ತನ್ನ ಲಗ್ನಕ್ಕ ತಾನೇ ಕೇಳಾಕ ಬಂದ ಹುಡುಗಿನ್ನ ಇವತ್ತಿನ ತನಕ ನೋಡಿದ್ದಿಲ್ಲಂತ. ಈ ಮಾತು ಹತ್ತು ಮಂದಿಗೆ ಹೇಳ್ಕೋತೀನಿ ಅಂತ ನಕ್ಕು, ಬುಂದಿ ನಂದು ಅಂದ. ಆದ್ರ ಅಂಗಡಿ ಹೆಸರಿನ ಜೊತಿ ‘ಶುದ್ಧ ತುಪ್ಪದಲ್ಲಿ ಮಾಡಿದ್ದು’ ಅಂತ ಕೂಗಿಸಬೇಕಂತ. ತುಪ್ಪದಾಗ ಮಾಡಿ ಕಳಸಿದ್ರ ಕೂಗಿಸ್ತೀನ್ರಿ ಅಂದೆ. ಜರಾ ಯೋಚನಿ ಮಾಡಿ, ಹಂಗಾದ್ರ ಬರೇ ಹೆಸರು ಸಾಕು ಬಿಡು ಅಂದ.

ಅಲ್ಲಿಂದ ನನಗ ರೆಕ್ಕಿ ಬಂದ್ವು. ನೀರಿನ ಕ್ಯಾನ್ ತುಂಬೋ ಪ್ಲಾಂಟಿನವ್ರು ನೀರು ಒಪ್ಪಿದ್ರು. ಫೋಟೋ ಸ್ಟುಡಿಯೋದವ್ರು ಆಲ್ಬಂ ಒಪ್ಪಿದ್ರು, ಆದ್ರ ನನ್ನ ಫೋಟೋ ಅಂಗಡಿ ಗಾಜಿನಾಗ ಇಡ್ತೀವಿ ಅಂದ್ರು. ಇಡ್ರಿ, ಮಾರಿ ಮಾತ್ರ ನನಗ ಕೊಡ್ರಿ, ನಾನೇ ಬೆಳ್ಳಗ ಮಾಡ್ಕೋತೀನಿ ಅಂದೆ. ಟ್ರ್ಯಾಕ್ಟರ್ ಶೋರೂಮಿನಾಂವ ಎಲ್ಲಾರಕಿಂತ ಜಬರ್ದಸ್ತ್. ಮೆರವಣಿಗಿಗೆ ಹೊಸಾ ಟ್ರ್ಯಾಕ್ಟರ್ ಕೊಡ್ತಾನಂತ, ಡೀಸಲ್ಲೂ ಅಂವಂದೇ, ಮದುಮಕ್ಕಳು ಕೂಡೋ ಟ್ರೇಲಿಗೆ ಹೂವಿನ ಅಲಂಕಾರಾನೂ ಅಂವಂದೇ. ‘ಬುಕ್ಕಿಂಗ್ ಚಾಲೂ ಅದ’ ಅನ್ನೋ ಫ್ಲೆಕ್ಸ್ ಒಂದು ಟ್ರೇಲಿ ಹಿಂದ ಕಟ್ಟಬೇಕು ಅಷ್ಟೇ. ನಮ್ಮ ಹುಡುಗಗ ಫೋನ್ ಮಾಡಿ ಹೇಳಿದ್ರ, ಬುಕ್ಕಿಂಗ್ ನಂದು ಏನು ಟ್ರ್ಯಾಕ್ಟರಿಂದು ಏನು ಅಂತ ಮಂದಿಗೆ ಹ್ಯಾಂಗ ತಿಳೀತದ ಅಂದ. ನಗಿ ತಡ್ಕೊಳ್ಳಾಕ ಆಗಲಿಲ್ಲ, ಶೋರೂಮಿನ ಮುಂದೇ ನಿಂತು ನಕ್ಕೆ.

ಎಲ್ಲಾರೂ ಹಿಂಗೇ ಇರ್ತಾರೇನು? ಒಬ್ಬ ಹಾರ್ಡವೇರ್ ಅಂಗಡಿಯಾಂವ, ಭಿಕ್ಷಾ ಬೇಡೋದಕ್ಕ ಇಂಗ್ಲಿಷ್ ಹೆಸರು ಇಟ್ಟೀರೇನು ಈಗ ಅಂದ. ಮೈಯೆಲ್ಲಾ ಉರೀತು. ನಿಮ್ಮ ಅಂಗಡಿ ಹೆಸರು ಊರಿಗೆಲ್ಲಾ ತೋರ್ಸಾಕ ನನ್ನ ಕಡಿಂದ ಬೋರ್ಡ್ ಮಾಡಿಸ್ಕೊಂಡ್ರಲ್ಲ, ಆವಾಗ ಅದು ಪ್ರಚಾರ, ಈಗ ನಾ ಕೇಳಿದ್ರ ಭಿಕ್ಷಾ ಏನ್ರಿ ಅಂದು, ಸುರುಳಿ ಬಗಲಾಗ ಸಿಗಿಸ್ಕೊಂಡು ಬಂದೆ. ಓಣಿ ತಿರುಗೋತನಕ ಸಿಟ್ಟು ಇತ್ತು. ತಿರುಗಿದ ಮ್ಯಾಲ ಕಣ್ಣಾಗ ನೀರು ಬಂತು. ಒರಸ್ಕೊಂಡು ಮುಂದಿನ ಅಂಗಡಿಗೆ ಹೋದೆ.

ಉಳಿದಿದ್ದು ಸೀರಿ. ಅದಕ್ಕ ಯಾದಗಿರಿಗೆ ಹೋಗಬೇಕಂತ ಮಾಡಿದೆ. ಅಲ್ಲಿ ಸ್ಟೇಷನ್ ರಸ್ತ್ಯಾಗ ಒಂದು ದೊಡ್ಡ ಬಟ್ಟಿ ಅಂಗಡಿ ಅದ, ಹೊಸಾ ಬ್ರ್ಯಾಂಚ್ ತಗದಾಗ ಫ್ಲೆಕ್ಸ್ ನಮ್ಮಲ್ಲೇ ಮಾಡಿಸಿದ್ರು. ಬಸ್ ಹೆಣ್ಮಕ್ಕಳಿಗೆ ಪುಕ್ಕಟೆ, ಅದೊಂದು ಬರೋಬ್ಬರಿ ಆಗಿತ್ತು. ಭೀಮಾ ನದಿ ಬ್ರಿಜ್ ದಾಟೋತನಕ ಏನೇನು ಹೇಳಬೇಕಂತ ಬಾಯಾಗೇ ಪಾಠ ಮಾಡ್ಕೋತ ಹೋದೆ. ಬಾಜೂಕ ಕೂತಿದ್ದ ಮುದುಕಿ, ಪರೀಕ್ಷಾ ಅದ ಏನವಾ ಅಂದ್ಳು. ಹೌದಬೇ, ದೊಡ್ಡ ಪರೀಕ್ಷಾ ಅದ ಅಂದೆ.

ಅಂಗಡಿ ಸಾವ್ಕಾರ್ರು ವಯಸ್ಸಾದವ್ರು. ಗಾದಿ ಮ್ಯಾಲ ಕೂತು, ಕನ್ನಡಕ ಹಣಿಗೇರಿಸಿ ಎಲ್ಲಾ ಕೇಳಿದ್ರು. ಸ್ಪಾನ್ಸರ್ ಅಂದ್ರ ಏನವಾ ಅಂದ್ರು. ಸೀರಿ ನೀವು ಕೊಡ್ರಿ, ನಿಮ್ಮ ಅಂಗಡಿ ಹೆಸರು ನಾವು ಮೈಕಿನ್ಯಾಗ ಕೂಗ್ತೀವಿ ಅಂದೆ.

"ಅದಕ್ಕ ಆಯೇರಿ ಅಂತಾರಲ್ಲೇನು?" ಅಂದ್ರು.

ಅಲ್ಲರಿ ಅಂದೆ. ಆಯೇರಿ ಆದ್ರ ನೀವು ನಮಗ ಕಳ್ಳುಬಳ್ಳಿ ನೆಂಟರಾಗಬೇಕು, ನಾಳೆ ನಿಮ್ಮ ಮನ್ಯಾಗ ಲಗ್ನ ಬಂದ್ರ ನಾವು ತಿರುಗಿ ತರಬೇಕು. ಇದರಾಗ ಆ ತಂಟೆ ಇಲ್ಲ, ಇದು ಬರೇ ಪ್ರಚಾರ. ಶಹಾಪುರದ ಮಂದಿ ಲಗ್ನದ ಬಟ್ಟಿಗೆ ಕಲಬುರ್ಗಿಗೆ ಹೊಂಟಾರ, ಯಾದಗಿರ್ಯಾಗ ಹಿಂಗೊಂದು ಅಂಗಡಿ ಅದ ಅಂತ ಅವರ ಕಿವಿಗೆ ಬೀಳಬೇಕಲ್ರಿ ಅಂದೆ. ಈ ಕೊನೀ ಮಾತು ಪಾಠದಾಗ ಇದ್ದಿದ್ದಿಲ್ಲ, ಗಾದಿ ಮುಂದ ಕೂತಾಗ ಹಂಗೇ ಬಾಯಿಗೆ ಬಂತು. ಸಾವ್ಕಾರ್ರು ಕನ್ನಡಕ ಇಳಿಸಿ ನನ್ನ ನೋಡಿದ್ರು. ನನ್ನ ಲಗ್ನದ ಸೀರಿ, ಬೀಗರಿಗೆ ಕೊಡೋ ಸೀರಿ, ಎಲ್ಲಾ ಕೊಡ್ತೀನಿ ಅಂದ್ರು. ಒಂದೇ ಮಾತು, ಮೈಕಿನ್ಯಾಗ ಮೊದಲ್ನೇ ಹೆಸರು ತಮ್ಮ ಅಂಗಡಿದೇ ಬರಬೇಕು. ವ್ಯಾಪಾರದಾಗ ಮೊದಲ್ನೇದಕ್ಕೇ ಬೆಲಿ, ಎರಡ್ನೇದು ಯಾರ ನೆನಪಿನಾಗೂ ಇರಂಗಿಲ್ಲ ಅಂದ್ರು. ನಾ ಹಿಂದಮುಂದ ನೋಡಲಿಲ್ಲ. ಆತ್ರಿ ಅಂದೆ. ಮೊದಲ್ನೇ ಜಾಗಾನೇ ನನಗ ಹೆದರಿಕಿ ಇದ್ದಿದ್ದು, ಅದಕ್ಕೊಬ್ರು ಸಿಕ್ಕರಲ್ಲ ಅಂತ ಒಳಗ ಕುಣದೆ. ಬರೋ ಬಸ್ಸಿನ್ಯಾಗ ಸೀರಿ ಗಂಟು ಮಡಿಲಾಗಿಟ್ಕೊಂಡು ಊರತನಕ ಒಬ್ಬಾಕಿನೇ ನಕ್ಕೋತ ಬಂದೆ.

ಮನಿಗೆ ಬಂದಾಗ ಅವ್ವ ರೊಟ್ಟಿ ಬಡ್ಯಾಕತ್ತಿದ್ಳು. ಸೀರಿ ಹರವಿ ಒಂದೊಂದೇ ತೋರಿಸಿದೆ. ಹಿಟ್ಟಿನ ಕೈ ಹಿಂದ ಇಟ್ಕೊಂಡು ಬಗ್ಗಿ ಬಗ್ಗಿ ನೋಡಿದ್ಳು, ಮಾರಿ ಅರಳಿತು. ಆ ಖುಷ್ಯಾಗೇ ನಾ ಮೊದಲ್ನೇ ಹೆಸರಿನ ಮಾತೂ ಹೇಳಿದೆ. ಆಕಿ ಮಾರಿ ಕಪ್ಪಿಟ್ಟಿತು.

"ನನ್ನ ತವರಿನ ಜಾಗ ಮಾರಿ ಬಂದಿಯೇನು?" ಅಂದ್ಳು.

ನನಗೂ ಸಿಟ್ಟು ಬಂತು. ನಿನ್ನ ತವರು ಫೋನೇ ಎತ್ತವಲ್ದು, ಅದರ ಜಾಗ ಯಾರು ಕಾಯ್ಕೋತ ಕೂಡ್ತಾರ, ಮಂದಿ ನಿನ್ನ ಮಾರಿ ನೋಡಬಾರದಂತಲೇ ನಾ ಇಷ್ಟೆಲ್ಲಾ ತಿರಗ್ಯಾಡಾಕತ್ತಿದ್ದು ಅಂತ ಒದರಿದೆ. ಅವ್ವ ಎದುರು ಒದರಲಿಲ್ಲ. ಆಕಿ ಒದರಿದ್ರ ಎಷ್ಟೋ ಚೊಲೋ ಇತ್ತು.

"ಬರ್ತಾನೋ ಬಿಡ್ತಾನೋ, ಆ ಜಾಗ ಖಾಲಿ ಇರಲಿ. ಅಂಗಡಿ ಹೆಸರು ತುಂಬಬ್ಯಾಡ," ಅಂದು ತಿರುಗಿ ರೊಟ್ಟಿ ಬಡ್ಯಾಕ ಕೂತಳು. ಕಟಕಟ ಬಡಿಯೋ ಕೈ ಆವತ್ತ ತಪ್ಪಿ ತಪ್ಪಿ ಬೀಳಾಕತ್ತಿತ್ತು, ರೊಟ್ಟಿ ಹರೀತು. ಸೀರಿ ಮಡಚಿ ಇಡೋವಾಗ ನನ್ನ ಖುಷಿ ಎಲ್ಲಾ ಇಳದು ಹೋಗಿತ್ತು.

ಮುಂಜಾನಿ ಎದ್ದಾಗ ಹೊಟ್ಟ್ಯಾಗ ಸಿಟ್ಟೇ ಇತ್ತು, ಅವ್ವನ ಮ್ಯಾಲ ಅಲ್ಲ, ಮಾಮಾನ ಮ್ಯಾಲ. ಅವ್ವಗ ಹೇಳದೇ ಸುರಪುರದ ಬಸ್ ಹತ್ತಿದೆ. ಹತ್ತಿಗೂಡೂರ ದಾಟೋತನಕ ಜಗಳಾಡಾಕ ಹೊಂಟೀನಿ ಅಂತಲೇ ನನ್ನ ತಲ್ಯಾಗ ಇತ್ತು. ಸುರಪುರದಾಗ ಇಳದು ಅಂಗಡಿ ಬೋರ್ಡ್ ನೋಡಿದೆ, ಬಗಲಾಗಿನ ಸುರುಳಿ ನೋಡ್ಕೊಂಡೆ. ಅಲ್ಲಾ, ಇದೂ ಒಂದು ಅಂಗಡಿನೇ ಅಲ್ಲೇನು? ಜಗಳಾಡಿದ್ರ ತಂಗಿ ಮಗಳು ಬಂದಾಳಂತ ಅಂವಗ ದಿಮಾಕು ಏರ್ತದ. ವ್ಯಾಪಾರಕ್ಕ ಬಂದಾಕಿಗೆ ಏನು ಮಾಡ್ತಾನ ನೋಡೂಣು ಅಂತ ಸೀದಾ ಒಳಗ ಹೋದೆ.

ಪೆಂಡಾಲಿನ ಬಟ್ಟಿ ಸುರುಳಿ, ಖುರ್ಚಿ, ಅನ್ನದ ಕೊಪ್ಪರಿಗಿ, ಇವುಗಳ ನಡುವ ಮಾಮಾ ಕೂತಿದ್ದ. ಕೂದಲು ಬೆಳ್ಳಗಾಗಿದ್ವು. ನನ್ನ ನೋಡಿ ಮಾರಿ ಬಿಗಿ ಮಾಡ್ಕೊಂಡ. ಕೂಡಾಕ ಬ್ಯಾರೆ ಏನೂ ಖಾಲಿ ಇದ್ದಿಲ್ಲ, ಮದುಮಕ್ಕಳು ಕೂಡೋ ಕೆಂಪು ಮಖಮಲ್ಲಿನ ಸೋಫಾ ಒಂದು ರಿಪೇರಿಗೆ ಬಂದಿತ್ತು. ಅದನ್ನೇ ತೋರಿಸಿದ. ಒಂದು ಕಾಲು ಮುರದಿತ್ತು ಅದರದು, ಒಂದು ಕಡಿ ವಾಲಿಕೊಂಡು ಕೂತೆ.

"ಏನ್ ಬೇಕಾಗಿತ್ರಿ ಮೇಡಂ?" ಅಂದ.

ಸಣ್ಣಾಕಿದ್ದಾಗ ನನ್ನ ಹೆಗಲ ಮ್ಯಾಲ ಕೂಡಿಸ್ಕೊಂಡು ತಿರಗಿದಾಂವ ನನಗ ಮೇಡಂ ಅಂದ. ನಾನೇನು ಕಡಿಮಿ ಇದ್ದೀನಿ? ಸ್ಪಾನ್ಸರ್ ಕೇಳಾಕ ಬಂದೀನ್ರಿ ಸಾವ್ಕಾರ್ರೆ, ಶಹಾಪುರದಾಗ ಒಂದು ಲಗ್ನ ಅದ ಅಂದೆ. ಯಾರ ಲಗ್ನ ಅಂದ, ಗೊತ್ತಿಲ್ಲದಾಂವನಂಗ. ಒಬ್ಬಾಕಿ ರೊಟ್ಟಿ ಮಾರೋಕಿ ಅದಾಳ, ಆಕಿ ಮಗಳದು ಅಂದೆ. ಮಾಮಾ ನೆಲ ನೋಡಿದ. ನಾ ಬಿಡಲಿಲ್ಲ. ಸುರುಳಿ ಬಿಚ್ಚಿ ಖಾಲಿ ಚೌಕ ತೋರಿಸಿ, 'ಪೆಂಡಾಲು ನಿಮ್ದು, ಹೆಸರು ನಾವು ಕೂಗ್ತೀವಿ, ಊರಿನ ಮಂದಿಗೆಲ್ಲಾ ಕೇಳ್ತದ' ಅಂತ ಎಲ್ಲಾ ಅಂಗಡ್ಯಾಗ ಹೇಳಿದ ಪಾಠಾನೇ ಇಲ್ಲೂ ಒಪ್ಪಿಸಿದೆ. ನನ್ನ ಹೆಸರು ಯಾವಾಗ ಕೂಗ್ತೀರಿ ಅಂದ. ಟ್ರ್ಯಾಕ್ಟರ್ ಆದ ಮ್ಯಾಲ ಅಂದೆ. ಮೊದಲ್ನೇದು ಯಾರದು ಅಂದ. ಅದು ಕೊಟ್ಟಾಗ್ಯದ್ರಿ, ಯಾದಗಿರಿ ಬಟ್ಟಿ ಅಂಗಡಿಗೆ ಅಂದೆ.

ಮಾಮಾ ಎದ್ದು ನಿಂತ. ಮೇಡಮ್ಮೂ ಹೋತು, ರೀ-ನೂ ಹೋತು.

"ಏನಂದಿ? ನಮ್ಮವ್ವ ಹಡದ ಹೆಣ್ಮಗಳ ಮನ್ಯಾಗ ತವರಿನ ಆಯೇರಿ ಬಟ್ಟಿ ಅಂಗಡ್ಯಾಂವ ಮಾಡ್ತಾನ? ನಾ ಏನು ಸತ್ತೀನೇನು?"

"ಸತ್ತಿಲ್ಲಂದ್ರ ಇಷ್ಟು ದಿನ ಎಲ್ಲಿದ್ದಿ, ಮಾಮಾ?" ಅಂದೆ.

ಮಾಮಾ ಹೋಗಿ ಕೊಪ್ಪರಿಗಿ ಒಂದರ ಅಂಚು ಹಿಡ್ಕೊಂಡು ಆ ಕಡಿ ಮಾರಿ ಮಾಡಿ ನಿಂತ. ಅವ್ವ ಆ ಜಾಗ ಖಾಲಿ ಇರಲಿ ಅಂದಿದ್ದನ್ನ ಹೇಳಿದೆ. ಅದನ್ನೂ ಬೆನ್ನು ಮಾಡ್ಕೊಂಡೇ ಕೇಳಿದ. ಆಮ್ಯಾಲ ಹೇಳಿದ್ದು ಇಷ್ಟು. ಪೆಂಡಾಲ್ ನಂದು, ಖುರ್ಚಿ ಭಾಂಡಿ ನಂದು, ಮೊದಲ್ನೇ ಹೆಸರು ನನ್ನ ಅಂಗಡಿದು. ಆದ್ರ ನಾ ಬರಂಗಿಲ್ಲ. ಹೊಸ್ತಿಲ ತುಳಿಯಂಗಿಲ್ಲ ಅಂತ ನಾಲ್ಕು ಮಂದಿ ಮುಂದ ಅಂದು ಬಂದೀನಿ, ಅಂದ ಮಾತು ಅಂದಂಗ. ನಾ ಹೊಂಟಾಗ, ಅವ್ವ ಹ್ಯಾಂಗದಾಳ ಅಂತ ಕೇಳ್ತಾನೇನೋ ಅಂತ ಮೆಟ್ಟಲದಾಗ ಒಂದು ಗಳಿಗಿ ನಿಂತೆ. ಕೇಳಲಿಲ್ಲ. ರೊಟ್ಟಿ ಇನ್ನೂ ತೆಳ್ಳಗೇ ಬಡಿತಾಳೇನು ಅಂತ ಕೇಳಿದ. ಹೂಂ ಅಂದೆ.

ಅರ್ಧಾ ಗೆದ್ದಿದ್ದೆ. ಬಸ್ಸಿನ್ಯಾಗಿಂದಲೇ ಯಾದಗಿರಿ ಸಾವ್ಕಾರ್ರಿಗೆ ಫೋನ್ ಹಚ್ಚಿದೆ. ಮಾತು ತಪ್ಪಾಂಗಿಲ್ಲ, ತವರಿನ ಜಾಗಾನೂ ಕೊಡಾಂಗಿಲ್ಲ, ಹ್ಯಾಂಗಂತೀರಿ? ನಮ್ಮ ಮಾತು ಆಗಿದ್ದು ಮೈಕಿನ್ಯಾಗ ಮೊದಲ್ನೇ ಹೆಸರು ಅಂತ ಅಲ್ಲೇನ್ರಿ, ಆಯೇರ್ಯಾಗ ಮೊದಲ್ನೇದು ಅಂತ ಅಲ್ಲಲ್ಲ ಅಂದೆ. ಲಗ್ನದ ದಿನ ನಸುಕಿನ್ಯಾಗ ಮೈಕ್ ಹಚ್ಚಿದ ಕೂಡ್ಲೇ, ದೇವರ ಹಾಡಿಗಿಂತ ಮೊದಲು ನಿಮ್ಮ ಅಂಗಡಿ ಹೆಸರು ಅಂದೆ. ಆ ಕಡಿಂದ ಬಹಳ ಹೊತ್ತು ನಗಿ ಕೇಳ್ತು. ಲಗ್ನ ಆದ ಮ್ಯಾಲ ಕೆಲಸ ಬೇಕಂದ್ರ ನಮ್ಮ ಅಂಗಡಿಗೆ ಬಾ ಯವ್ವಾ ಅಂದ್ರು.

ಲಗ್ನದ ಹಿಂದಿನ ದಿನ ಸಂಜಿಗೆ ಮಾಮಾನ ಅಂಗಡಿ ಆಳುಗಳು ಲಾರಿ ತಂದು ಪೆಂಡಾಲ್ ಹಾಕಿದ್ರು. ಓಣಿ ಈ ಕಡಿಂದ ಆ ಕಡಿತನಕ ಕೆಂಪು ಬಿಳಿ ಬಟ್ಟಿ. ಯಾರ ಪೆಂಡಾಲಂತ ಅವ್ವಗ ಹೇಳಬೇಕಾಗಲಿಲ್ಲ, ಬಟ್ಟಿ ಅಂಚಿನಾಗ ಅಂಗಡಿ ಹೆಸರು ಹೊಲದಿತ್ತು. ಅವ್ವ ಕೈಲೆ ಸವರಿ ನೋಡಿದ್ಳು. ಮಾಲಕ ಬರ್ತಾನೇನಪಾ ಅಂತ ಆಳುಗಳನ್ನ ಕೇಳಿದ್ಳು. ನಮಗೇನೂ ಹೇಳಿಲ್ಲಬೇ ಅಂದ್ರು. ಅವರಿಗೆಲ್ಲಾ ರೊಟ್ಟಿ ಪಲ್ಯ ನೀಡಿ, ಇನ್ನೊಂದು ಗಂಟು ಕಟ್ಟಿ ಸುರಪುರಕ್ಕ ಹೊಳ್ಳಿ ಹೊಂಟ ಲಾರ್ಯಾಗ ಇಡಸಿದ್ಳು. ಯಾರಿಗಂತ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಮರುದಿನ ನಸುಕಿನ್ಯಾಗ ಮೈಕ್ ಹಿಡದಾಂವ ನಮ್ಮ ಓಣಿ ಕಂಡಕ್ಟರ್ ಕಾಕಾ. ಬಸ್ ಕಂಡಕ್ಟರ್ ಆಗಿ ರಿಟೈರ್ ಆದಾಂವ, ಎಲ್ಲಾರ ಲಗ್ನದಾಗ ಆಯೇರಿ ಕೂಗಾಂವ ಅಂವನೇ. ಕರಾರಿನಂಗ ಹಲೋ ಸುದ್ದಾ ಅನ್ನದೇ, ಸ್ಟಾಪಿನ ಹೆಸರು ಕೂಗೋ ದನ್ಯಾಗ ಯಾದಗಿರಿ ಬಟ್ಟಿ ಅಂಗಡಿ ಹೆಸರು ಕೂಗಿದ. ಓಣ್ಯಾಗಿನ ಕೋಳಿ ಎದ್ವು. ಹಾಲಿನಾಂವ, ಸೀರಿ ಸೇಲ್ ಎಲ್ಲಿ ಹಚ್ಯಾರ ಅಂತ ಕೇಳ್ಕೋತ ಬಂದ. ಅರಿಷಿಣದಾಗ ಮುಳುಗಿ ಕೂತಿದ್ದ ನಾನು ನಗಾಡಿ ನಗಾಡಿ ಹಲ್ಲೂ ಹಳದಿ ಮಾಡ್ಕೊಂಡೆ. ಟ್ರ್ಯಾಕ್ಟರ್ ಬಂತು, ಬುಂದಿ ಬಂತು, ನಮ್ಮ ಹುಡುಗ ಬಾಸಿಂಗ ಕಟ್ಕೊಂಡು ‘ಬುಕ್ಕಿಂಗ್ ಚಾಲೂ ಅದ’ ಅನ್ನೋ ಫ್ಲೆಕ್ಸಿನ ಟ್ರೇಲ್ಯಾಗೇ ಕೂತು ಬಂದು ಇಳದ. ಅಕ್ಕಿಕಾಳು ಬಿದ್ವು. ಸ್ವಾದರಮಾವ ನಿಂತು ಮಾಡೋ ಕೆಲಸ ಓಣಿ ಹಿರಿಯಾಂವ ಒಬ್ಬ ಮಾಡಿದ. ಅಷ್ಟು ಖುಷ್ಯಾಗೂ ನನ್ನ ಕಣ್ಣು ಪೆಂಡಾಲಿನ ಬಾಗಲದ ಕಡಿಗೇ ಹೋಗ್ತಿತ್ತು. ಅವ್ವ ಮಾತ್ರ ಆ ಕಡಿ ನೋಡಲೇ ಇಲ್ಲ. ಗಂಡ ಇಲ್ಲದಾಕಿ ಅಂತ ಆಕಿ ಯಾವ ಲಗ್ನದಾಗೂ ಮುಂದ ಬರಂಗಿಲ್ಲ, ತನ್ನ ಮಗಳ ಲಗ್ನದಾಗೂ ಅಡಗಿ ಜಾಗದ ಹತ್ತರ ಹೆಂಗಸ್ರ ಹಿಂದ ನಿಂತಿದ್ಳು.

ಆಯೇರಿ ಹೊತ್ತು ಬಂತು. ಅಷ್ಟರಾಗ ಪೆಂಡಾಲಿನ ಆ ತುದ್ಯಾಗ ಯಾರೋ ಜೋರಾಗಿ ಬೈಯೋದು ಕೇಳ್ತು. ಹಗ್ಗ ಸಡ್ಲ ಬಿಟ್ಟೀರಿ, ಗಾಳಿ ಬಿಟ್ರ ಮಂದಿ ತಲಿ ಮ್ಯಾಲ ಬೀಳ್ತದ ಅಂತ. ಎಲ್ಲಾರೂ ಹೊಳ್ಳಿ ನೋಡಿದ್ರು. ಮಾಮಾ ಕಂಬದ ಹಗ್ಗ ಜಗ್ಗಾಕತ್ತಿದ್ದ. ಬಗಲಾಗ ಕಾಗದ ಸುತ್ತಿದ ಗಂಟಿತ್ತು. ಯಾವಾಗ ಬಂದ್ರಿ ಅಂತ ಯಾರೋ ಕೇಳಿದ್ದಕ್ಕ, ಪೆಂಡಾಲ್ ನಂದು, ನೋಡ್ಕೊಂಡು ಹೋಗಾಕ ಬಂದೀನಿ, ಯಾರ ಹೊಸ್ತಿಲಾನೂ ತುಳ್ದಿಲ್ಲ ಅಂದ. ಸ್ಟೇಜಿನ ಮ್ಯಾಲ ಕೂತ ನಾನು ಮದುಮಗಳಂತ ಮರತು ಎದ್ದೇ ನಿಂತೆ. ನಮ್ಮ ಹುಡುಗ ಸೆರಗು ಹಿಡದು ಜಗ್ಗಿ ಕೂಡಿಸಿದ.

ಕಾಕಾನ ಕಣ್ಣು ಕೈಯಾಗಿನ ಚೀಟಿ ಮ್ಯಾಲೇ ಇತ್ತು. ನಾ ಹೇಳಿಕೊಟ್ಟಂಗ ಶುರು ಮಾಡಿದ. ಮೊದಲ್ನೇ ಆಯೇರಿ, ಸುರಪುರದ ಸುಪ್ರಸಿದ್ಧ ಶಾಮಿಯಾನ ಹಾಗೂ ಅಡಗಿ ಭಾಂಡಿ ಸಪ್ಲಾಯರ್ಸ್ ಅಂತ ಅನ್ನೋದ್ರಾಗ ಮಾಮಾ ಹಗ್ಗ ಬಿಟ್ಟು ಮಂದಿ ನಡುವ ಹಾಯ್ದು ಬಂದ. ಬಗಲಾಗಿನ ಗಂಟು ಬಿಚ್ಚಿ ಕಾಕಾನ ಮುಂದ ಸೀರಿ ಇಟ್ಟು, ಮೈಕಿನ ಮ್ಯಾಲ ಅಂಗೈ ಮುಚ್ಚಿದ. ಆದ್ರೂ ಅಂವನ ಮಾತು ಓಣಿಗೆಲ್ಲಾ ಕೇಳ್ತು.

"ಅಂಗಡಿ ಹೆಸರು ಬ್ಯಾಡ್ರಿ. ಆಕಿ ಅಣ್ಣ ಅಂತ ಕೂಗ್ರಿ."

ಕಾಕಾ ಅಂವನ ಮಾರಿ ನೋಡಿ, ಗಂಟಲಾ ಸರಿ ಮಾಡ್ಕೊಂಡು, ಬಸ್ ತುಂಬಾ ಮಂದಿ ಇದ್ದಾಗ ಕೂಗಿದಂಗ ಕೂಗಿದ. ದೇವಾಪುರದ ತವರುಮನಿ, ಅಣ್ಣನ ಕಡಿಯಿಂದ ತಂಗಿಗೆ, ಒಂದು ಇಳಕಲ್ ಸೀರಿ. ಹೆಂಗಸ್ರೆಲ್ಲಾ ಹೊಳ್ಳಿ ಅವ್ವನ ಮಾರಿ ನೋಡಿದ್ರು. ಅವ್ವ ಹೆಂಗಸ್ರನ್ನ ಸರಿಸಿ ಮುಂದ ಬಂದ್ಳು. ಎಲ್ಲಾರ ಮುಂದ, ಮೈಕಿನ ಹತ್ತರ ಬಂದು ನಿಂತ್ಳು. ಅಣ್ಣನ ಕಡಿ ನೋಡಲಿಲ್ಲ, ಸೀರಿ ಕಡಿ ನೋಡಲಿಲ್ಲ, ಕಾಕಾನ ಕಡಿ ನೋಡಿದ್ಳು.

"ನನಗ ಸರಿ ಕೇಳ್ಸಲಿಲ್ಲರಿ," ಅಂದ್ಳು. "ಇನ್ನೊಮ್ಮಿ ಕೂಗ್ರಿ."